ನೀರು ತರುವುದಕ್ಕೆ ಕೋಟಿ, ಹೊರಹಾಕುವುದಕ್ಕೆ ಚಿಲ್ಲರೆ: ಭೀಮಾ–ಕೃಷ್ಣಾ ದಂಡೆಯ ಹೊಲಗಳ ಲೆಕ್ಕ

ಅಫಜಲಪುರ ತಾಲ್ಲೂಕಿನಿಂದ ಜೇವರ್ಗಿ, ಚಿತ್ತಾಪುರ, ಶಹಾಪುರ, ವಡಗೇರಾ, ಯಾದಗಿರಿ ತಾಲ್ಲೂಕುಗಳನ್ನು ತಾಗಿಕೊಂಡು ಹರಿಯುವ ಭೀಮಾ ನದಿ ರಾಯಚೂರು ಗಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಈ ಉದ್ದಕ್ಕೂ ಹೊಳೆದಂಡೆಯ ಹೊಲಗಳಿಗೆ ಒಂದೇ ಹಣೆಬರಹ. ಏಪ್ರಿಲ್, ಮೇ ತಿಂಗಳಲ್ಲಿ ಪಾತ್ರದೊಳಗೆ ಗುಂಡಿ ತೋಡಿ ನೀರು ಹುಡುಕಬೇಕು. ಸೆಪ್ಟೆಂಬರ್, ಅಕ್ಟೋಬರ್ ಬಂದರೆ ಅದೇ ಗುಂಡಿಗೆ ಇಳಿಸಿದ್ದ ಮೋಟಾರು ಕೊಚ್ಚಿಹೋಗದಂತೆ ಮೇಲಕ್ಕೆ ಎಳೆಯಬೇಕು. ಹೊಲ ಒಂದೇ, ರೈತನೂ ಒಬ್ಬನೇ. ಸರ್ಕಾರದ ಬಳಿ ಮಾತ್ರ ಅವನಿಗೆ ಎರಡು ಕಡತಗಳಿವೆ. ನೀರಿಲ್ಲದ ಕಡತ ನೀರಾವರಿ ನಿಗಮ, ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಮತ್ತು ಕೃಷಿ ಇಲಾಖೆಯಲ್ಲಿ. ನೀರು ಹೆಚ್ಚಾದ ಕಡತ ತಹಶೀಲ್ದಾರ್ ಕಚೇರಿಯಲ್ಲಿ. ಎರಡೂ ಒಂದೇ ಮೇಜಿನ ಮೇಲೆ ಬರುವುದಿಲ್ಲ. ಮೊದಲ ಕಡತಕ್ಕೆ ಬರುವ ಹಣ ಸಾವಿರಾರು ಕೋಟಿ. ಎರಡನೆಯದಕ್ಕೆ ಬರುವುದು ಪ್ರವಾಹ ಬಂದ ಮೇಲಷ್ಟೇ, ಅದೂ ಹೆಕ್ಟೇರ್ ಲೆಕ್ಕದ ಪರಿಹಾರವಾಗಿ. ಬಂದ ನೀರು ಹೊಲದಿಂದ ಹೊರಗೆ ಹೋಗುವ ದಾರಿಗೆ ಮಾತ್ರ ಎರಡೂ ಕಡತದಲ್ಲಿ ಜಾಗ ತೀರ ಕಿರಿದು.

ದೊಡ್ಡ ಹಣ ಎಲ್ಲಿಗೆ ಹೋಗಿದೆ ಎಂಬುದರಿಂದಲೇ ಶುರು ಮಾಡಬೇಕು. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆ ಹಳೆಯದಾಗಿ, ಸೋರಿಕೆ ಹೆಚ್ಚಿ, ಕೊನೆ ಭಾಗದ ರೈತರಿಗೆ ನೀರು ಮುಟ್ಟದ ಸ್ಥಿತಿ ಇತ್ತು. ಅದರ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣಕ್ಕೆ ಸುಮಾರು ₹4,700 ಕೋಟಿ ಖರ್ಚಾಗಿದೆ. 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಅದನ್ನು ಉದ್ಘಾಟಿಸಿದರು. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ ಮೂರು ಲಕ್ಷಕ್ಕೂ ಹೆಚ್ಚು ರೈತರಿಗೆ ಉಪಯೋಗ ಎಂಬುದು ಯೋಜನೆಯ ಲೆಕ್ಕ. ಗೇಟುಗಳನ್ನು ದೂರದಿಂದಲೇ ಎತ್ತಿಳಿಸುವ, ಹರಿವನ್ನು ಅಳೆಯುವ ಸ್ಕಾಡಾ ವ್ಯವಸ್ಥೆಯೂ ಇದರಲ್ಲಿ ಸೇರಿದೆ.

ಇದು ಬೇಕಾಗಿದ್ದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಕಾಲುವೆಗೆ ಲೈನಿಂಗ್ ಆದರೆ ಪಕ್ಕದ ಹೊಲಗಳಿಗೆ ಬಸಿಯುವ ನೀರೂ ಕಡಿಮೆಯಾಗುತ್ತದೆ. ಆದರೆ ಗೇಟಿನ ಲೆಕ್ಕ ನಡೆಯುವುದು ಮುಖ್ಯ ಕಾಲುವೆ ಮತ್ತು ವಿತರಣಾ ಕಾಲುವೆಯ ಬಾಯಿಯವರೆಗೆ. ಅದರ ಕೆಳಗೆ ಕವಲು ಕಾಲುವೆ (ಲ್ಯಾಟರಲ್), ಹೊಲಗಾಲುವೆ ಬಂದಲ್ಲಿ ಎಲ್ಲ ಹಳೆಯ ಕತೆಯೇ. ನೀರಾವರಿ ಸಲಹಾ ಸಮಿತಿ ‘14 ದಿನ ಚಾಲೂ, 10 ದಿನ ಬಂದ್’ ಎಂಬಂತೆ ವಾರಾಬಂದಿ ತೀರ್ಮಾನಿಸುತ್ತದೆ. ಆ 14 ದಿನದಲ್ಲಿ ತಲೆಭಾಗದವರು ಗದ್ದೆ ತುಂಬಿಸಿಕೊಳ್ಳುತ್ತಾರೆ. ಈ ಕಾಲುವೆ ಸೇರಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟು ರೂಪುಗೊಂಡದ್ದು ಹತ್ತಿ, ಜೋಳ, ತೊಗರಿ, ಶೇಂಗಾ ಮುಂತಾದ ಲಘು ನೀರಾವರಿ ಬೆಳೆಗೆ. ಶಹಾಪುರ, ಸುರಪುರ ಭಾಗದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಕಾಣುವುದು ಭತ್ತ. ಒಂದು ಎಕರೆ ಭತ್ತಕ್ಕೆ ಹೋಗುವ ನೀರಿನಲ್ಲಿ ಎರಡು–ಮೂರು ಎಕರೆ ಲಘು ಬೆಳೆ ತೆಗೆಯಬಹುದು. ಬೆಳೆ ಪದ್ಧತಿ ಉಲ್ಲಂಘನೆ ಎಂದು ನಿಗಮ ಪ್ರತಿವರ್ಷ ಪ್ರಕಟಣೆ ಹೊರಡಿಸುತ್ತದೆ, ಪ್ರತಿವರ್ಷ ಭತ್ತ ನಾಟಿಯೂ ಆಗುತ್ತದೆ. ಕಾಲುವೆಯಿಂದ ಅಕ್ರಮವಾಗಿ ನೀರೆತ್ತುವವರ ವಿರುದ್ಧ ಶಿಕ್ಷೆ ಬಿಗಿ ಮಾಡಲು 2024ರಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ಬಂದಿದೆ. ಆದರೆ ಭತ್ತಕ್ಕೆ ಖರೀದಿದಾರ ಮನೆ ಬಾಗಿಲಿಗೆ ಬರುತ್ತಿರುವಾಗ, ತೊಗರಿಗೆ ನೆಟೆ ರೋಗದ ಭಯ ಇರುವಾಗ, ಕಾಯ್ದೆಯೊಂದೇ ಬೆಳೆ ಬದಲಿಸೀತು ಎಂದು ನಂಬುವುದು ಕಷ್ಟ.

ಭೀಮೆಯ ಲೆಕ್ಕವೇ ಬೇರೆ. ರಾಜ್ಯಗಳ ನಡುವೆ ಕೃಷ್ಣಾ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪಿನ ಪ್ರಕಾರ ಭೀಮಾ ನದಿಯ ಮುಖ್ಯ ಪಾತ್ರದಿಂದ ಕರ್ನಾಟಕ ವರ್ಷಕ್ಕೆ 15 ಟಿಎಂಸಿ ಅಡಿಗಿಂತ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹೆಚ್ಚು ಬಳಸುವಂತಿಲ್ಲ. ಮೇಲೆ ಮಹಾರಾಷ್ಟ್ರದ ಉಜನಿ ಜಲಾಶಯದ ಸಾಮರ್ಥ್ಯವೊಂದೇ ಸುಮಾರು 117 ಟಿಎಂಸಿ. ನಮ್ಮ ಕಡೆ ಇರುವುದು ಸೊನ್ನ, ಸನ್ನತಿ, ಗುರುಸಣಗಿ ಮುಂತಾದ ಬ್ಯಾರೇಜ್‌ಗಳು. ಸೊನ್ನ ಬ್ಯಾರೇಜಿನಲ್ಲಿ ನಿಲ್ಲುವುದು 3 ಟಿಎಂಸಿಗಿಂತ ತುಸು ಹೆಚ್ಚು. ಸೆಕೆಂಡಿಗೆ 2 ಲಕ್ಷ ಘನ ಅಡಿ ನೀರು ಬಂದರೆ ಗಂಟೆಗೆ 0.72 ಟಿಎಂಸಿ ಆಗುತ್ತದೆ. ಅಂದರೆ ಖಾಲಿ ಬ್ಯಾರೇಜ್ ಕೂಡ ನಾಲ್ಕೂವರೆ ಗಂಟೆಯೊಳಗೆ ತುಂಬಿಬಿಡುತ್ತದೆ. ಹೀಗಾಗಿ ‘ಬ್ಯಾರೇಜ್ ಇದ್ದೂ ಪ್ರವಾಹ ತಡೆಯಲಿಲ್ಲ’ ಎಂಬ ದೂರು ಸರಿಯಲ್ಲ. ಅದು ಕಟ್ಟಿದ್ದೇ ಬೇಸಿಗೆಯ ನೀರಿಗೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಉಜನಿಯಿಂದ, ಸೀನಾ, ನೀರಾ ಉಪನದಿಗಳ ಕಡೆಯಿಂದ ಎಷ್ಟು ನೀರು ಬಿಟ್ಟರು ಎಂಬ ಸುದ್ದಿ ಎಷ್ಟು ಗಂಟೆ ಮೊದಲು ದಂಡೆಯ ಹಳ್ಳಿಗೆ ಮುಟ್ಟಿತು, ಗೇಟುಗಳನ್ನು ಯಾವಾಗ ಎತ್ತಿದರು. ಬೇಸಿಗೆಯಲ್ಲಿ ಇದೇ ಲೆಕ್ಕ ತಿರುಗಿ ಬೀಳುತ್ತದೆ. 2025ರ ಮಾರ್ಚ್ ಕೊನೆಗೆ ಕುಡಿಯುವ ನೀರಿಗಾಗಿ ಉಜನಿಯಿಂದ ಭೀಮೆಗೆ 1 ಟಿಎಂಸಿ ಬಿಡುವಂತೆ ಮುಖ್ಯಮಂತ್ರಿ ಮಹಾರಾಷ್ಟ್ರಕ್ಕೆ ಪತ್ರ ಬರೆಯಬೇಕಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದೇ ನದಿ ದಂಡೆಯ ಹೊಲಗಳನ್ನೆಲ್ಲ ಮುಳುಗಿಸಿತು.

ಪರಿಹಾರದ ದರ, ಹೊಲದ ಖರ್ಚು

ಪ್ರವಾಹದ ನಂತರ ಬರುವ ಹಣಕ್ಕೆ ‘ಬೆಳೆ ಪರಿಹಾರ’ ಎಂಬ ಹೆಸರು ಬಿದ್ದಿದೆ. ಕೇಂದ್ರದ ಮಾನದಂಡದಲ್ಲಿ ಅದು ಇನ್‌ಪುಟ್ ಸಬ್ಸಿಡಿ, ಅಂದರೆ ಮುಂದಿನ ಬಿತ್ತನೆಗೆ ಬೀಜ–ಗೊಬ್ಬರದ ನೆರವು. ಹೋದ ಬೆಳೆಯ ಬೆಲೆ ಕಟ್ಟಿಕೊಡುವ ಉದ್ದೇಶವೇ ಅದಕ್ಕಿಲ್ಲ. 2022ರಿಂದ 2026ರ ಮಾರ್ಚ್‌ವರೆಗಿನ ಅವಧಿಗೆ ನಿಗದಿಯಾದ ದರ ಹೀಗಿತ್ತು: ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ₹8,500, ನೀರಾವರಿ ಬೆಳೆಗೆ ₹17,000, ಬಹುವಾರ್ಷಿಕ ಬೆಳೆಗೆ ₹22,500. ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿರಬೇಕು, ಗರಿಷ್ಠ ಮಿತಿ 2 ಹೆಕ್ಟೇರ್. 2025ರ ಸೆಪ್ಟೆಂಬರ್ 30ರಂದು ವೈಮಾನಿಕ ಸಮೀಕ್ಷೆ ಮುಗಿಸಿದ ಮುಖ್ಯಮಂತ್ರಿ ಕಲಬುರಗಿಯಲ್ಲೇ ಹೆಕ್ಟೇರಿಗೆ ₹8,500 ಹೆಚ್ಚುವರಿ ಘೋಷಿಸಿದರು. ಅದರೊಂದಿಗೆ ಖುಷ್ಕಿಗೆ ₹17,000, ನೀರಾವರಿಗೆ ₹25,500, ಬಹುವಾರ್ಷಿಕಕ್ಕೆ ₹31,000 ಆಯಿತು.

ಹೆಕ್ಟೇರ್ ಲೆಕ್ಕ ಕೇಳಲು ಚೆನ್ನ. ಎಕರೆಗೆ ಇಳಿಸಿದರೆ ಖುಷ್ಕಿಗೆ ಸುಮಾರು ₹6,880, ನೀರಾವರಿಗೆ ₹10,320. ಭತ್ತದ ಗದ್ದೆಗೆ ನಾಟಿ, ಗೊಬ್ಬರ, ಔಷಧಿ, ಆಳು ಸೇರಿ ಕಟಾವಿನ ಹೊತ್ತಿಗೆ ಎಕರೆಗೆ ₹30 ಸಾವಿರ ಮೀರುವುದು ಮಾಮೂಲು. ಹೆಚ್ಚುವರಿ ಸೇರಿಸಿದ ಮೇಲೂ ಮೂರರಲ್ಲಿ ಒಂದು ಪಾಲು ಖರ್ಚು ವಾಪಸ್ ಬಂದಂತಾಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಖುಷ್ಕಿ ಮತ್ತು ನೀರಾವರಿಯ ನಡುವಿನ ವ್ಯತ್ಯಾಸ ಹೆಕ್ಟೇರಿಗೆ ₹8,500. ಹೊಲ ಯಾವ ಕಡೆ ಸೇರುತ್ತದೆ ಎಂದು ತೀರ್ಮಾನಿಸುವುದು ದಾಖಲೆ. ಕಾಲುವೆ ಅಚ್ಚುಕಟ್ಟಿನ ಹೊಲಕ್ಕೆ ತೊಂದರೆ ಕಡಿಮೆ. ಹೊಳೆಯಿಂದ ಸ್ವಂತ ಖರ್ಚಿನಲ್ಲಿ ಪೈಪ್ ಎಳೆದು ನೀರುಣ್ಣಿಸುವ ಹೊಲ ಪಹಣಿಯಲ್ಲಿ ಖುಷ್ಕಿಯಾಗಿಯೇ ಉಳಿದಿರುತ್ತದೆ. ಬೆಳೆ ಸಮೀಕ್ಷೆ ಆ್ಯಪ್ ಬೆಳೆಯ ಹೆಸರಿನ ಜತೆಗೆ ನೀರಾವರಿಯೋ ಮಳೆಯಾಶ್ರಿತವೋ, ನೀರಿನ ಮೂಲ ಯಾವುದು ಎಂದೂ ಕೇಳುತ್ತದೆ. ಅವಸರದಲ್ಲಿ ‘ಮಳೆಯಾಶ್ರಿತ’ ಒತ್ತಿ ಮುಂದೆ ಹೋದರೆ ಪ್ರವಾಹ ಬಂದಾಗ ನೀರಾವರಿ ದರ ಕೇಳಲು ಕೈಯಲ್ಲಿ ಆಧಾರ ಇರುವುದಿಲ್ಲ. ಸಮೀಕ್ಷೆ ಮುಗಿದ ಮೇಲೆ ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ತಮ್ಮ ಸರ್ವೆ ನಂಬರಿನ ವಿವರ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಹಾಕಲು ಅವಕಾಶವಿದೆ. ಈ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂ ಕೊಟ್ಟ ಆರ್.ಆರ್. ನಂಬರ್ (ಸಂಪರ್ಕ ಸಂಖ್ಯೆ) ಇರುವ ಪಂಪ್‌ಸೆಟ್ ಆದರೆ ಅದರ ದಾಖಲೆಯನ್ನೂ ಜತೆಗೆ ಇಟ್ಟುಕೊಳ್ಳಬೇಕು. ಆರ್.ಆರ್. ನಂಬರೇ ಇಲ್ಲದ, ಕಂಬಕ್ಕೆ ಕೊಕ್ಕೆ ಹಾಕಿದ ಮೋಟಾರಿನ ನೀರಿಗೆ ದಾಖಲೆ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರ ಸುಲಭವಿಲ್ಲ. ದಂಡೆಯ ಹಳ್ಳಿಗಳಲ್ಲಿ ಇಂಥವು ಕಡಿಮೆಯೂ ಅಲ್ಲ.

ಹೊಲದ ಮೇಲೆ ಬಂದು ಕೂರುವ ಹೂಳಿನ ಲೆಕ್ಕ ಇನ್ನೂ ವಿಚಿತ್ರ. ಅದೇ ಅವಧಿಯ ಮಾನದಂಡದಲ್ಲಿ ಕೃಷಿ ಭೂಮಿಯ ಮೇಲೆ 3 ಇಂಚಿಗಿಂತ ದಪ್ಪ ಮರಳು ಅಥವಾ ಹೂಳು ನಿಂತರೆ ತೆಗೆಯಲು ಹೆಕ್ಟೇರಿಗೆ ₹18,000, ಅದೂ ಸಣ್ಣ–ಅತಿಸಣ್ಣ ರೈತರಿಗೆ ಮಾತ್ರ, ಬೇರೆ ಯೋಜನೆಯಲ್ಲಿ ಇದೇ ಕೆಲಸಕ್ಕೆ ನೆರವು ಪಡೆದಿರಬಾರದು. ಎಕರೆಗೆ ಇದು ಸುಮಾರು ₹7,290. ಈಗ ಹೂಳಿನ ಲೆಕ್ಕ ಹಾಕೋಣ. ಒಂದು ಎಕರೆ 43,560 ಚದರ ಅಡಿ. ಅದರ ಮೇಲೆ ಮೂರು ಇಂಚು, ಅಂದರೆ ಕಾಲು ಅಡಿ ಹೂಳು ನಿಂತರೆ 10,890 ಘನ ಅಡಿ. ನೂರು ಘನ ಅಡಿಗೆ ಒಂದು ಬ್ರಾಸ್. ಹತ್ತಿರ ಹತ್ತಿರ 109 ಬ್ರಾಸ್ ಆಯಿತು. ಟ್ರಾಲಿಗೆ ಒಂದು ಬ್ರಾಸ್ ಹಿಡಿದರೂ 109 ಟ್ರಿಪ್. ₹7,290 ಹಂಚಿದರೆ ಟ್ರಿಪ್ಪಿಗೆ ₹67. ಜೆಸಿಬಿ ತುಂಬುವ ಬಾಡಿಗೆ, ಟ್ರ್ಯಾಕ್ಟರ್ ಡೀಸೆಲ್, ಡ್ರೈವರ್ ಕೂಲಿ ಎಲ್ಲ ಆ ₹67ರಲ್ಲೇ ಆಗಬೇಕು. ಹೂಳು ಒಂದು ಅಡಿ ನಿಂತರೂ ದರ ಅಷ್ಟೇ.

ಆದ್ದರಿಂದ ಎಲ್ಲ ಹೂಳನ್ನೂ ಹೊರಗೆ ಸಾಗಿಸುವ ಹಟ ಬೇಡ. ಮೊದಲು ಬಂದದ್ದು ಏನೆಂದು ನೋಡಬೇಕು. ನುಣ್ಣನೆಯ ಮೆಕ್ಕಲು ಮಣ್ಣು ನಾಲ್ಕೈದು ಇಂಚು ನಿಂತಿದ್ದರೆ, ಹದ ಬಂದ ಮೇಲೆ ಆಳವಾಗಿ ಉಳುಮೆ ಮಾಡಿ ಹಳೆಯ ಎರೆ ಮಣ್ಣಿನೊಂದಿಗೆ ಬೆರೆಸಿದರೆ ಸಾಕು, ಹೊಲಕ್ಕೆ ಲಾಭವೇ. ದಪ್ಪ ಮರಳಾದರೆ ಬೆರೆಸುವುದೂ ಕಷ್ಟ, ಬಿಟ್ಟರೆ ನೀರೂ ಗೊಬ್ಬರವೂ ನಿಲ್ಲುವುದಿಲ್ಲ. ತೆಗೆಯುವುದು ಅಂಥದ್ದನ್ನು ಮಾತ್ರ. ತೆಗೆದ ಮರಳನ್ನು ಮಾರಬೇಕೆಂದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು. ಸ್ವಂತ ಹೊಲದ್ದೇ ಆದರೂ ಪರವಾನಗಿ ಇಲ್ಲದೆ ಟ್ರ್ಯಾಕ್ಟರ್ ರಸ್ತೆಗೆ ಬಂದರೆ ಜಪ್ತಿಯಾಗುತ್ತದೆ. ಹೂಳಿನ ನೆರವು ಕೇಳುವವರು ಉಳುಮೆಗೆ ಮೊದಲೇ ಅಳತೆಪಟ್ಟಿ ನೆಟ್ಟು ನಾಲ್ಕಾರು ಕಡೆ ಫೋಟೊ ತೆಗೆದಿಟ್ಟುಕೊಳ್ಳಬೇಕು. ನೇಗಿಲು ಹೊಡೆದ ಮೇಲೆ ಮೂರು ಇಂಚು ಇತ್ತೆಂದು ಯಾವ ಅಧಿಕಾರಿಯೂ ದೃಢೀಕರಿಸಲಾರ.

ದಂಡೆಯೇ ಕುಸಿದು ಹೊಲ ಹೊಳೆಗೆ ಸೇರಿದರೆ, ಅಥವಾ ನದಿ ಪಾತ್ರ ಬದಲಿಸಿದರೆ ಅದೇ ಮಾನದಂಡದಲ್ಲಿ ಹೆಕ್ಟೇರಿಗೆ ₹47,000. ಎಕರೆಗೆ ₹19 ಸಾವಿರ. ಇದು ಭೂಮಿಯ ಬೆಲೆ ಎಂದು ಯಾರೂ ಹೇಳಲಾರರು.

ಜಂಟಿ ಸಮೀಕ್ಷೆಗೆ ಬರುವುದು ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು. ವಿವರ ‘ಪರಿಹಾರ’ ತಂತ್ರಾಂಶಕ್ಕೆ ಹೋಗಿ, ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಅರ್ಜಿ ಸರಿಯಿದ್ದೂ ಹಣ ಬಾರದಿದ್ದರೆ ಕಾರಣ ಬಹುತೇಕ ಮೂರರಲ್ಲಿ ಒಂದು. ಫ್ರೂಟ್ಸ್ ಐಡಿಯಲ್ಲಿ (ರೈತರ ನೋಂದಣಿ ಸಂಖ್ಯೆ) ಎಲ್ಲ ಸರ್ವೆ ನಂಬರು ಸೇರಿರುವುದಿಲ್ಲ. ಆಧಾರ್ ಜೋಡಣೆಯಾದ ಖಾತೆ ಹಳೆಯದಾಗಿ ನಿಷ್ಕ್ರಿಯವಾಗಿರುತ್ತದೆ. ಪಹಣಿ ಇನ್ನೂ ತೀರಿಕೊಂಡ ತಂದೆ ಅಥವಾ ಅಜ್ಜನ ಹೆಸರಲ್ಲಿರುತ್ತದೆ. ಮೂರನೆಯದು ಅತಿ ದೊಡ್ಡದು. ಅಣ್ಣತಮ್ಮಂದಿರು ಬಾಯಿಮಾತಲ್ಲಿ ಪಾಲು ಮಾಡಿಕೊಂಡು ಉಳುತ್ತಿರುತ್ತಾರೆ, ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾತ್ರ ಆಗಿರುವುದಿಲ್ಲ. ಪ್ರವಾಹದ ವಾರದಲ್ಲಿ ಅದನ್ನು ಮಾಡಿಸಲು ಓಡಾಡಿದರೆ ಆಗುವ ಕೆಲಸವಲ್ಲ.

ಪಾಲಿಗೆ, ಲೀಸಿಗೆ ಹೊಲ ಮಾಡುವವರ ಮಾತು ಇನ್ನೂ ಕೆಳಗೆ. ಕರ್ನಾಟಕದಲ್ಲಿ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಕಾಯ್ದೆಯ ನಿರ್ಬಂಧ ಇರುವುದರಿಂದ ಕಾಗದದಲ್ಲಿ ಅವರು ಇಲ್ಲವೇ ಇಲ್ಲ. ಖರ್ಚು ಹಾಕಿದವನು ಒಬ್ಬ, ಪರಿಹಾರ ಬರುವುದು ಪಹಣಿಯಲ್ಲಿ ಹೆಸರಿರುವ ಇನ್ನೊಬ್ಬನಿಗೆ. ಬಂದ ಹಣದಲ್ಲಿ ಯಾರಿಗೆಷ್ಟು ಎಂದು ಮುಂಗಡವಾಗಿಯೇ ಮಾತಾಡಿಕೊಂಡ ಕಡೆ ಜಗಳ ಕಡಿಮೆ. ಸರ್ಕಾರದ ಯಾವ ಯೋಜನೆಯೂ ಈ ಗಂಟನ್ನು ಮುಟ್ಟಿಲ್ಲ.

ವಿಮೆಯ 72 ಗಂಟೆ

ಬೆಳೆ ವಿಮೆಯಲ್ಲಿ ರೈತ ಕಟ್ಟುವುದು ವಿಮಾ ಮೊತ್ತದ ಮೇಲೆ ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಹತ್ತಿ ಈ ಕೊನೆಯ ಗುಂಪಿಗೆ ಸೇರುತ್ತದೆ. ದರದ ಬಗ್ಗೆ ದೂರು ಕಡಿಮೆ. ತೊಡಕು ಇರುವುದು ನಷ್ಟ ಅಳೆಯುವ ರೀತಿಯಲ್ಲಿ.

ಸಾಮಾನ್ಯ ನಷ್ಟವನ್ನು ಗ್ರಾಮ ಪಂಚಾಯ್ತಿ ಅಥವಾ ಹೋಬಳಿ ಮಟ್ಟದ ಬೆಳೆ ಕಟಾವು ಪ್ರಯೋಗದ ಸರಾಸರಿಯಿಂದ ಲೆಕ್ಕ ಹಾಕುತ್ತಾರೆ. ಹೊಳೆದಂಡೆಯ ಪಂಚಾಯ್ತಿಯೊಂದರ ನಕ್ಷೆ ನೋಡಿದರೆ ತೊಂದರೆ ಗೊತ್ತಾಗುತ್ತದೆ. ಕೆಳಗಿನ ಪಟ್ಟಿ ಮುಳುಗಿ ಕೊಳೆತಿರುತ್ತದೆ. ಮೇಲಿನ ಮಡ್ಡಿಯಲ್ಲಿ ಅದೇ ಮಳೆಗೆ ತೊಗರಿ ಚೆನ್ನಾಗಿ ಬಂದಿರುತ್ತದೆ. ಎರಡೂ ಕೂಡಿ ಸರಾಸರಿ ತೆಗೆದರೆ ನಷ್ಟವೇ ಕಾಣುವುದಿಲ್ಲ. ಇಂಥ ಕಡೆಗೆಂದೇ ಇರುವುದು ಸ್ಥಳೀಯ ವಿಕೋಪದ ಷರತ್ತು: ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ, ಸಿಡಿಲಿನಿಂದಾದ ಬೆಂಕಿ, ಜಲಾವೃತ. ಇದರಲ್ಲಿ ಹೊಲದ ಮಟ್ಟದಲ್ಲೇ ನಷ್ಟ ನೋಡುತ್ತಾರೆ. ಆದರೆ 72 ಗಂಟೆಯೊಳಗೆ ರೈತನೇ ದೂರು ಕೊಡಬೇಕು: 14447 ಸಹಾಯವಾಣಿಗೆ, ಬೆಳೆ ವಿಮೆ ಆ್ಯಪ್‌ನಲ್ಲಿ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ. ಹಳ್ಳಿ ನಡುಗಡ್ಡೆಯಾಗಿ, ಕರೆಂಟು ಹೋಗಿ, ಮೊಬೈಲ್ ಸತ್ತು ಕೂತಿರುವಾಗಲೇ ಆ 72 ಗಂಟೆ ಕಳೆದುಹೋಗುತ್ತದೆ. ಕಾಳಜಿ ಕೇಂದ್ರದಲ್ಲಿ ಊಟ, ಹಾಸಿಗೆ ಕೊಡುವ ಜಿಲ್ಲಾಡಳಿತ ಅಲ್ಲೇ ಒಂದು ಮೇಜು ಹಾಕಿ ವಿಮೆ ದೂರು ಬರೆಸಿಕೊಂಡರೆ ಎಷ್ಟೋ ಪ್ರಕರಣ ಉಳಿಯುತ್ತವೆ. ಇದಕ್ಕೆ ಹೊಸ ಆದೇಶ, ಹೊಸ ಹಣ ಯಾವುದೂ ಬೇಕಿಲ್ಲ.

ಭತ್ತದ ಮಾತು ಬೇರೆಯೇ. 2018ರ ಮಾರ್ಗಸೂಚಿ ಪರಿಷ್ಕರಣೆಯಲ್ಲಿ ಭತ್ತದಂಥ ನೀರು ಬಯಸುವ ಬೆಳೆಗಳನ್ನು ಜಲಾವೃತದ ಷರತ್ತಿನಿಂದ ಹೊರಗಿಟ್ಟರು. ಭತ್ತ ನೀರಲ್ಲೇ ಬೆಳೆಯುತ್ತದಲ್ಲ ಎಂಬುದು ತರ್ಕ. ಬುಡದಲ್ಲಿ ನಾಲ್ಕು ಬೆರಳು ನೀರು ನಿಲ್ಲುವುದಕ್ಕೂ, ತೆನೆ ಹಾಯುವ ಹೊತ್ತಲ್ಲಿ ಕೆಸರುನೀರು ಗರಿ ಮುಚ್ಚಿ ಐದು ದಿನ ನಿಲ್ಲುವುದಕ್ಕೂ ಇರುವ ಫರಕು ಆ ಮಾರ್ಗಸೂಚಿ ಬರೆದವರಿಗೆ ಕಾಣಲಿಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಇದನ್ನು ತಿದ್ದಿ, ಭತ್ತ ಜಲಾವೃತವಾಗುವುದನ್ನು ಮತ್ತೆ ಸ್ಥಳೀಯ ವಿಕೋಪದಡಿ ತಂದಿತು. 2026ರ ಮುಂಗಾರಿನಿಂದ ಜಾರಿ. ಕಾಡುಪ್ರಾಣಿ ಹಾವಳಿಯೂ ಜತೆಗೆ ಸೇರಿದೆ. ದೂರಿನ ಗಡುವು ಇಲ್ಲೂ 72 ಗಂಟೆಯೇ, ಜತೆಗೆ ಸ್ಥಳ ನಮೂದಾದ ಫೋಟೊ ಬೇಕು. ಭೀಮಾ, ಕೃಷ್ಣಾ ದಂಡೆಯ ಭತ್ತದ ರೈತರಿಗೆ ಇತ್ತೀಚಿನ ವರ್ಷಗಳಲ್ಲಿ ಬಂದ ಉಪಯುಕ್ತ ಬದಲಾವಣೆ ಎಂದರೆ ಇದೇ.

ಮತ್ತೆ ಒಂದು ಎಚ್ಚರ. ವಿಮೆ ಮಾಡಿಸಿದ ಬೆಳೆ ಒಂದು, ಬೆಳೆ ಸಮೀಕ್ಷೆಯಲ್ಲಿ ದಾಖಲಾದದ್ದು ಇನ್ನೊಂದು ಆಗಿದ್ದರೆ ಬೆಳೆ ವಿಮೆಯ ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ತಾಳೆಯಾಗದೆ ಅರ್ಜಿ ತಿರಸ್ಕೃತವಾಗುತ್ತದೆ. ಜುಲೈನಲ್ಲಿ ತೊಗರಿಗೆ ಕಂತು ಕಟ್ಟಿ, ಕಾಲುವೆಗೆ ನೀರು ಬಂತೆಂದು ಆಗಸ್ಟ್‌ನಲ್ಲಿ ಭತ್ತ ನಾಟಿ ಮಾಡಿದವರಿಗೆ ಆಗುವುದು ಇದೇ.

ಮೋಟಾರಿಗೆ ಯಾರೂ ಹೊಣೆಯಲ್ಲ

ಇನ್‌ಪುಟ್ ಸಬ್ಸಿಡಿಯಾಗಲಿ, ಬೆಳೆ ವಿಮೆಯಾಗಲಿ ಬೆಳೆಗೆ ಮಾತ್ರ. ದಂಡೆಯಲ್ಲಿದ್ದ ಮೋಟಾರು, ಸ್ಟಾರ್ಟರ್, ಕೇಬಲ್, ಪೈಪ್ ಹೋದರೆ ಅದು ರೈತನ ಮೈಮೇಲೆಯೇ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಮುಳುಗಿದ ಟಿಸಿ (ಟ್ರಾನ್ಸ್‌ಫಾರ್ಮರ್) ಬದಲಿಸುವುದೂ ಜೆಸ್ಕಾಂ ಕೆಲಸ. ಆದರೆ ಮಧ್ಯದ ಸಾಮಾನು ಎಲ್ಲ ಸ್ವಂತದ್ದು. ಆದ್ದರಿಂದ ಅದನ್ನು ಹೂಡುವಾಗಲೇ ತೆಗೆಯುವ ದಾರಿ ಯೋಚಿಸಿರಬೇಕು. ಮೋಟಾರನ್ನು ಕಾಂಕ್ರೀಟ್ ಕಟ್ಟೆಗೆ ಶಾಶ್ವತವಾಗಿ ಬಿಗಿಯುವ ಬದಲು ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ, ಪೈಪಿನ ಕೂಡುಗಳಲ್ಲಿ ಫ್ಲಾಂಜ್ ಹಾಕಿದರೆ ನಾಲ್ಕು ಬೋಲ್ಟ್ ಬಿಚ್ಚಿ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯಬಹುದು. ಸ್ಟಾರ್ಟರ್ ಪೆಟ್ಟಿಗೆ ದಂಡೆಯಲ್ಲಿ ಇರಬಾರದು. 2020ರ ಅಕ್ಟೋಬರ್ ಪ್ರವಾಹದ ಗುರುತು ಊರಲ್ಲಿ ಎಲ್ಲಿದೆಯೋ ಅದರ ಮೇಲಿರಬೇಕು. ನೀರು ಕುಡಿದ ಮೋಟಾರನ್ನು ಒಂದು ದಿನ ಬಿಸಿಲಿಗಿಟ್ಟು ಚಾಲೂ ಮಾಡುವುದೇ ಕಾಯಿಲ್ ಸುಡಲು ಮುಖ್ಯ ಕಾರಣ. ಹೊರಗೆ ಒಣಗಿದಂತೆ ಕಂಡರೂ ಸುತ್ತಿನ ಸಂದಿಯಲ್ಲಿ ತೇವ, ಕೆಸರು ಇರುತ್ತದೆ. ಬಿಚ್ಚಿ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ಇನ್ಸುಲೇಷನ್ ಅಳೆಯುವ ಮೆಗ್ಗರ್‌ನಲ್ಲಿ ಒಂದು ಮೆಗಾಓಮ್‌ಗಿಂತ ಹೆಚ್ಚು ಬಂದ ಮೇಲೆಯೇ ವೈರ್ ಜೋಡಿಸಬೇಕು.

ಕುಸುಮ್ ಯೋಜನೆಯ ಸೌರ ಪಂಪ್‌ಗೆ ಕೇಂದ್ರದ ಶೇ 30, ರಾಜ್ಯದ ಶೇ 50 ಸೇರಿ ರೈತನ ಪಾಲು ಶೇ 20. ಹೊಳೆದಂಡೆಗೆ ಇದು ಒಪ್ಪುತ್ತದೆಯೇ? ಹಗಲೇ ನೀರು ಹಾಯಿಸಬಹುದು, ಟಿಸಿ ಸುಟ್ಟಿತೆಂದು ಕಾಯಬೇಕಿಲ್ಲ. ಆದರೆ ಪ್ಯಾನೆಲ್ ಚೌಕಟ್ಟನ್ನು ಪ್ರವಾಹದ ಮಟ್ಟಕ್ಕಿಂತ ಮೇಲಿನ ಜಾಗದಲ್ಲಿ ಹಾಕಿ, ಅಲ್ಲಿಂದ ಕೇಬಲ್ ಎಳೆಯಲು ಗುತ್ತಿಗೆದಾರರು ಒಪ್ಪಬೇಕು. ಹೊಲದಲ್ಲೇ, ಬಾವಿಯ ಪಕ್ಕದಲ್ಲೇ ಎಂಬುದು ಅವರ ರೂಢಿಯ ನಕ್ಷೆ. ಹನಿ, ತುಂತುರು ನೀರಾವರಿಗೆ 2 ಹೆಕ್ಟೇರ್‌ವರೆಗೆ ಗರಿಷ್ಠ ಶೇ 90 ಸಹಾಯಧನವಿದೆ. ಮುಳುಗಡೆ ಪಟ್ಟಿಯಲ್ಲಿ ಹನಿ ಪೈಪುಗಳನ್ನು ಮಳೆಗಾಲಕ್ಕೆ ಸುತ್ತಿ ಎತ್ತಿಡದಿದ್ದರೆ ಹೊಳೆಯ ಪಾಲಾಗುತ್ತವೆ. ಉಳಿದವುಗಳ ತೂತು ಕೆಸರು ಕಟ್ಟಿಕೊಳ್ಳುತ್ತದೆ. ಇಲ್ಲಿಗೆ ತುಂತುರು ಘಟಕವೇ ಮೇಲು, ಹೆಗಲ ಮೇಲೆ ಹೊತ್ತು ತರಬಹುದು.

ಹೋಗಲು ದಾರಿ ಇಲ್ಲದ ನೀರು

ಪ್ರವಾಹ ಇಳಿದ ಮೇಲೂ ಎರೆ ಹೊಲದಲ್ಲಿ ನೀರು ಹದಿನೈದು–ಇಪ್ಪತ್ತು ದಿನ ನಿಲ್ಲುತ್ತದೆ. ಹೊಲ ಹಳ್ಳಕ್ಕೆ ಬಸಿಯಬೇಕಾದ ಬಾಯಿಯನ್ನು ಜಾಲಿ, ಆಪು, ಹೂಳು ಮುಚ್ಚಿರುತ್ತದೆ. ಕೆಲವೆಡೆ ರಸ್ತೆ ಏರಿಸುವಾಗ ಮೋರಿಯನ್ನೇ ಕಿರಿದು ಮಾಡಿರುತ್ತಾರೆ. ಆ ಹದಿನೈದು ದಿನವೇ ಹಿಂಗಾರಿಯ ಹಣೆಬರಹ ತೀರ್ಮಾನಿಸುತ್ತದೆ. ಬಿಳಿಜೋಳ ಬಿತ್ತುವ ಹೊತ್ತು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಕಡಲೆಗೆ ನವೆಂಬರ್ ಮೊದಲ ವಾರದವರೆಗೂ ಸಮಯವಿದೆ. ಅಕ್ಟೋಬರ್ ಮೊದಲ ವಾರ ನೀರು ಇಳಿದು, ಬಾಯಿ ಬಿಡಿಸಿದ್ದರಿಂದ ಎಂಟು ದಿನ ಮೊದಲೇ ಹದ ಬಂದರೆ ಜೆಜಿ-11 ತಳಿಯ ಕಡಲೆ ಎಕರೆಗೆ 20ರಿಂದ 25 ಕೆ.ಜಿ. ಹಾಕಿ ಉಳಿದ ತೇವದಲ್ಲೇ ಒಂದು ಬೆಳೆ ತೆಗೆಯಬಹುದು. ಬೀಜಕ್ಕೆ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರ) ಲೇಪಿಸುವುದನ್ನು ಬಿಡಬಾರದು. ನೆನೆದ ಎರೆಯಲ್ಲಿ ಸೊರಗು ರೋಗ ಬೇಗ ಹಿಡಿಯುತ್ತದೆ. ತಡವಾದರೆ ಬಿಸಿಲಿಗೆ ಹೂ ಉದುರಿ ಕಾಯಿ ಕಟ್ಟುವುದಿಲ್ಲ. ಪರಿಹಾರದ ಹಣ ಇನ್‌ಪುಟ್ ಸಬ್ಸಿಡಿಯೇ ಆಗಿದ್ದರೆ ಅದು ಕೈಗೆ ಸಿಗಬೇಕಾದದ್ದು ಈ ಬಿತ್ತನೆಯ ಹೊತ್ತಿಗೆ. ಸಮೀಕ್ಷೆ, ಆಕ್ಷೇಪಣೆ, ತಂತ್ರಾಂಶ ಎಲ್ಲ ಮುಗಿದು ಹಣ ಬರುವಾಗ ಕಡಲೆ ಹೂಬಿಟ್ಟಿರುತ್ತದೆ.

ವರ್ಷವಿಡೀ ಕಾಲುವೆ ನೀರು ಉಣ್ಣುವ ತಗ್ಗು ಹೊಲಗಳಿಗೆ ಇದಕ್ಕಿಂತ ನಿಧಾನದ ಕಾಯಿಲೆ, ಸವಳು–ಜವಳು: ಸವಳು ಎಂದರೆ ಉಪ್ಪೇರಿದ ನೆಲ, ಜವಳು ಎಂದರೆ ನೀರು ಬಸಿಯದೆ ಕೆಟ್ಟ ನೆಲ. ಅಂತರ್ಜಲ ನೆಲಮಟ್ಟದಿಂದ ಒಂದೂವರೆ–ಎರಡು ಮೀಟರಿನೊಳಗೆ ಬಂದರೆ ನೀರು ಮಣ್ಣಿನ ಸಂದಿಯಲ್ಲಿ ಮೇಲೇರಿ ಆವಿಯಾಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಮೊದಲ ವರ್ಷ ಅಲ್ಲಲ್ಲಿ ಮೊಳಕೆ ಬಾರದ ಬೋಳು ತಾಣ, ಮರುವರ್ಷ ಬಿಳಿ ಹೊಪ್ಪಳಿಕೆ. ಆಗ ಅಂಗಡಿಯವರು ಹೇಳಿದರೆಂದು ಜಿಪ್ಸಂ ಸುರಿಯುತ್ತಾರೆ. ಜಿಪ್ಸಂ ಕೆಲಸ ಮಾಡುವುದು ಸೋಡಿಯಂ ಹೆಚ್ಚಿ ಕ್ಷಾರವಾದ ಮಣ್ಣಿಗೆ. ಅಲ್ಲೂ ಬಿಡುಗಡೆಯಾದ ಉಪ್ಪನ್ನು ತೊಳೆದು ಕೆಳಗೆ ಕಳಿಸಲು ಬಸಿಗಾಲುವೆ ಬೇಕು. ಬರೀ ಸವಳಿಗೆ ಜಿಪ್ಸಂ ದಂಡ. ಪರೀಕ್ಷೆ ಸರಳ: ಎರಡು ಮೀಟರ್ ಉದ್ದದ ಎರಡಿಂಚು ಪಿವಿಸಿ ಪೈಪಿಗೆ ತೂತು ಹೊಡೆದು, ಸುತ್ತ ದಪ್ಪ ಮರಳು ಹಾಕಿ ಹೊಲದಲ್ಲಿ ಹೂತು, ನೀರು ಹಾಯಿಸುವ ಮೊದಲು ಕೋಲು ಇಳಿಸಿ ನೋಡಬೇಕು. ಒಂದು ಮೀಟರಿನೊಳಗೆ ನೀರು ಸಿಕ್ಕರೆ ಗೊಬ್ಬರದ ಅಂಗಡಿಗೆ ಹೋಗಿ ಉಪಯೋಗವಿಲ್ಲ. ಮಣ್ಣಿನ ಪರೀಕ್ಷೆ ಭೀಮರಾಯನಗುಡಿ ಅಥವಾ ಕಲಬುರಗಿಯ ಕೃಷಿ ಕಾಲೇಜು, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ಕಡೆ ವಿಚಾರಿಸಬಹುದು. ಸವಳು ಭೂಮಿಯ ಬಗ್ಗೆ ಹೆಚ್ಚಿನ ಅನುಭವ ಇರುವುದು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಗಂಗಾವತಿ ಕೇಂದ್ರಕ್ಕೆ.

ಶಾಶ್ವತ ಪರಿಹಾರ ನೆಲದೊಳಗಿನ ಬಸಿಗಾಲುವೆ. ಸುಮಾರು ಒಂದು ಮೀಟರ್ ಆಳದಲ್ಲಿ 80 ಮಿ.ಮೀ. ತೂತಿನ ಪಿವಿಸಿ ಪೈಪನ್ನು ಬಟ್ಟೆಯ ಹೊದಿಕೆಯೊಂದಿಗೆ ಸಾಲಾಗಿ ಹಾಕುತ್ತಾರೆ. ಎರೆಯಲ್ಲಿ ಸಾಲಿಂದ ಸಾಲಿಗೆ 20ರಿಂದ 30 ಮೀಟರ್. ಅವೆಲ್ಲ ಒಂದು ದೊಡ್ಡ ಕೂಡುಪೈಪಿಗೆ ಸೇರಿ ಹಳ್ಳಕ್ಕೆ ಬಿಡಬೇಕು. ಒಬ್ಬನ ಹೊಲದಲ್ಲಿ ಇದು ಆಗುವುದಿಲ್ಲ, ಮೇಲಿನವನ ನೀರು ಬರುತ್ತಲೇ ಇರುತ್ತದೆ. ಒಂದಕ್ಕೊಂದು ತಾಗಿದ ನಲವತ್ತು–ಐವತ್ತು ಎಕರೆ ಹೊಲಗಳ ಕಟ್ಟು ಒಟ್ಟಿಗೆ ಆಗಬೇಕು. ಕೆಡುವುದೂ ಕೂಡುಪೈಪಿನ ಬಾಯಲ್ಲೇ. ಹಳ್ಳದ ತಳ ಹೂಳಿನಿಂದ ಏರಿ ಬಾಯಿ ಮುಚ್ಚಿಹೋಗುತ್ತದೆ, ಇಲ್ಲವೇ ಹೊಳೆ ತುಂಬಿದಾಗ ಹಿನ್ನೀರು ಪೈಪಿನೊಳಗೆ ನುಗ್ಗಿ ಕೆಸರು ತುಂಬುತ್ತದೆ. ಹೊರಕ್ಕೆ ಮಾತ್ರ ತೆರೆಯುವ ಫ್ಲಾಪ್ ಬಾಗಿಲು ಹಾಕಿದರೆ ಎರಡನೆಯದು ತಪ್ಪುತ್ತದೆ. ಅಂದಾಜುಪಟ್ಟಿಯಲ್ಲಿ ಅದು ಇದೆಯೇ ಎಂದು ಟೆಂಡರಿಗೆ ಮೊದಲೇ ಕೇಳಬೇಕು.

ಇದಕ್ಕೆ ಹಣ ಕಾಡಾ ಮೂಲಕ ಬರಬೇಕು. ಭೀಮರಾಯನಗುಡಿಯ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕೆಲಸದಲ್ಲಿ ಹೊಲಗಾಲುವೆಯ ಜತೆ ಸವಳು–ಜವಳು ಭೂಮಿ ಸುಧಾರಣೆಯೂ ಸೇರಿದೆ. ಸಂವಿಧಾನದ 371(ಜೆ) ವಿಧಿಯ ಬಲದಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳು ₹5,000 ಕೋಟಿಯವರೆಗೆ ಘೋಷಿಸಿವೆ. ಆ ಹಣದಲ್ಲಿ ರಸ್ತೆ, ಶಾಲಾ ಕೊಠಡಿ, ಸಮುದಾಯ ಭವನ ಕಾಣುತ್ತವೆ. ಕಣ್ಣಿಗೆ ಕಾಣದ ಪೈಪು ಉದ್ಘಾಟನೆಗೆ ಒದಗುವುದಿಲ್ಲ. 2009ರ ಪ್ರವಾಹದ ನಂತರ ‘ಆಸರೆ’ಯಲ್ಲಿ ಮನೆಗಳನ್ನು ಎತ್ತರಕ್ಕೆ ಸಾಗಿಸಿದಾಗಲೂ ಹೊಲಗಳ ಮಾತು ಬರಲಿಲ್ಲ.

2025ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಅಚ್ಚುಕಟ್ಟು ಅಭಿವೃದ್ಧಿಯ ಆಧುನೀಕರಣಕ್ಕೆ ₹1,600 ಕೋಟಿಯ ಉಪಯೋಜನೆ ಒಪ್ಪಿದೆ. ಕಾಲುವೆಯಿಂದ ಒಂದು ಹೆಕ್ಟೇರಿನ ಮಟ್ಟದವರೆಗೆ ಒತ್ತಡದ ನೆಲದಡಿ ಪೈಪಿನಲ್ಲಿ ನೀರು ಕೊಡುವುದು, ನಿರ್ವಹಣೆಯನ್ನು ನೀರು ಬಳಕೆದಾರರ ಸಂಘಗಳಿಗೆ ಒಪ್ಪಿಸುವುದು ಅದರ ತಿರುಳು. ಇಡೀ ದೇಶಕ್ಕೆ ಅದು ಪ್ರಾಯೋಗಿಕ ಮೊತ್ತ; ನಾರಾಯಣಪುರ ಎಡದಂಡೆಯೊಂದಕ್ಕೇ ಖರ್ಚಾದದ್ದರ ಮೂರನೇ ಒಂದು ಪಾಲು. ಆದರೂ ಪೈಪ್ ಬಂದಲ್ಲಿ ಹೊಲಗಾಲುವೆ ಸೋರಿಕೆ ನಿಲ್ಲುತ್ತದೆ, ಜವಳಿನ ಒಂದು ಮೂಲ ಕಡಿಮೆಯಾಗುತ್ತದೆ. ಸಂಘಗಳು ಬಹುಪಾಲು ಕಡೆ ಕಾಗದದಲ್ಲಷ್ಟೇ ಇವೆ: ಚುನಾವಣೆ ಆಗಿಲ್ಲ, ಲೆಕ್ಕಪರಿಶೋಧನೆ ಆಗಿಲ್ಲ, ನೀರಿನ ಕರ ವಸೂಲಿಯಿಲ್ಲ. ಇಂಥ ಸಂಘದ ಹೆಸರಲ್ಲಿ ಪ್ರಸ್ತಾವನೆ ಹೋದರೆ ಮೊದಲ ಹಂತದಲ್ಲೇ ವಾಪಸ್ ಬರುತ್ತದೆ. ಸಂಘ ಜೀವಂತ ಇರುವ ಕಡೆ ಠರಾವಿನಲ್ಲಿ ಪೈಪಿನ ಜತೆಗೆ ಮೂರು ವಿಷಯ ಬರೆಸಬೇಕು: ಕಟ್ಟಿನ ಸರ್ವೆ ನಂಬರುಗಳು, ನೀರು ಹೋಗಿ ಬೀಳುವ ಹಳ್ಳದ ತಳಮಟ್ಟದ ಅಳತೆ, ಆ ಹಳ್ಳದ ಹೂಳನ್ನು ಪ್ರತಿವರ್ಷ ಮೇ ಮುಗಿಯುವುದರೊಳಗೆ ಯಾರ ಖರ್ಚಿನಲ್ಲಿ ತೆಗೆಯುವುದು ಎಂಬುದು. ಹಳ್ಳ ಸರ್ಕಾರಿ ಖರಾಬಿನಲ್ಲಿದ್ದು ಒತ್ತುವರಿಯಾಗಿದ್ದರೆ ಠರಾವಿಗೆ ಮೊದಲೇ ತಹಶೀಲ್ದಾರರಿಗೆ ಸರ್ವೆ ಅರ್ಜಿ ಕೊಡಬೇಕು, ಯಾಕೆಂದರೆ ಕೆಲಸ ಶುರುವಾದ ಮೇಲೆ ಒಬ್ಬ ತಕರಾರು ಹಾಕಿದರೂ ಗುತ್ತಿಗೆದಾರ ಯಂತ್ರ ಎತ್ತಿಕೊಂಡು ಹೋಗುತ್ತಾನೆ.